ಬೇಡ ಅನ್ನಿಸಿಕೊಂಡ ದಿನ

ಗಡ್ಡ ಅರ್ಧ ಹೆರೆದಿದ್ದಾಗ ಕಾರ್ಯದರ್ಶಿಗೆ ತನ್ನ ಮುಖದಲ್ಲಿ ಓದುವಂಥದ್ದು ಏನೂ ಇಲ್ಲ ಅನ್ನಿಸಿತು. ಒಂದು ಕೆನ್ನೆಯ ಮೇಲೆ ನೊರೆ, ಇನ್ನೊಂದು ಕೆನ್ನೆ ಬೋಳು, ನಡುವೆ ಒಂದು ಮೂಗು, ಅಷ್ಟೇ. ಬೇರೆ ಯಾರದಾದರೂ ಮುಖವಾಗಿದ್ದರೆ ಇಷ್ಟು ಹೊತ್ತಿಗೆ ಹುಬ್ಬಿನಿಂದ ಒಂದು ಸುದ್ದಿ, ತುಟಿಯ ಅಂಚಿನಿಂದ ಇನ್ನೊಂದು ಸುದ್ದಿ ಎತ್ತಿಕೊಂಡು, ಇವರಿಗೆ ಬೇಕಾದದ್ದು ಇಂಥದ್ದು ಎಂದು ತೀರ್ಮಾನಿಸಿ ಕೆಲಸ ಶುರು ಮಾಡಿಬಿಡುತ್ತಿದ್ದ. ಇವತ್ತು ಮಧ್ಯಾಹ್ನದ ಸಭೆಯಲ್ಲಿ ಅವನೂ ಕೈ ಎತ್ತಬೇಕು, ಎತ್ತುವ ಮುಂಚೆ ಯಾಕೆ ಎತ್ತುತ್ತಿದ್ದೇನೆ ಎಂದು ಹೇಳಬೇಕು. ಮೇಡಂ ನಿನ್ನೆ ಬಂದಿಳಿದ ಕೂಡಲೇ ಹಾಗೆಂದುಬಿಟ್ಟಿದ್ದರು. ದೂರದ ದೇಶದ ಅವರ ಸಂಸ್ಥೆ ಅವನು ಕಾರ್ಯದರ್ಶಿಯಾಗಿರುವ ಮಾರುಕಟ್ಟೆಯ ಹೆಂಗಸರ ಸಂಘಕ್ಕೆ ಒಂದು ಕೂಸಿನ ಮನೆ ಮಾಡಿಸಿಕೊಡುತ್ತದೆ. ತಾಯಂದಿರು ವ್ಯಾಪಾರಕ್ಕೆ ಕೂತಷ್ಟು ಹೊತ್ತು ಎಳೆಮಕ್ಕಳನ್ನು ನೋಡಿಕೊಳ್ಳುವ ಮನೆ. ಅದು ಎಲ್ಲಿರಬೇಕು ಎಂಬುದು ಇಷ್ಟು ವರ್ಷ ಅವರದೇ ನಿಯಮವಾಗಿತ್ತು: ಗದ್ದಲ, ಹೊಗೆ, ಧೂಳಿನಿಂದ ದೂರ, ಗುಡ್ಡದ ಮೇಲಿನ ಖಾಲಿ ಜಾಗ. ಈಗ ಆ ನಿಯಮವನ್ನು ಅವರೇ ಕಿತ್ತುಹಾಕಿದ್ದಾರಂತೆ. ತೀರ್ಮಾನ ನಿಮ್ಮದು, ನಾನು ನೋಡಲು ಮಾತ್ರ ಬಂದಿದ್ದೇನೆ, ಎಂದರು ಮೇಡಂ. ಅವನು ನಗುತ್ತ ತಲೆಯಾಡಿಸಿದ್ದ. ಆಗಿನಿಂದ ಆ ಮಾತಿನ ಹಿಂದೆ ನಿಜವಾಗಿ ಏನಿರಬಹುದು ಎಂದು ಹುಡುಕುತ್ತಲೇ ಇದ್ದ. ಏನೂ ಸಿಕ್ಕಿರಲಿಲ್ಲ.

ಹೆಂಡತಿ ಬಾಗಿಲಿಗೆ ಒರಗಿ ನಿಂತು, ಕನ್ನಡಿ ಏನಾದರೂ ಹೇಳಿತೋ ಅಥವಾ ಇನ್ನೂ ಯೋಚನೆ ಮಾಡುತ್ತಿದೆಯೋ ಎಂದು ಕೇಳಿದಳು. ಅವಳ ಮೊಣಕಾಲಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿತ್ತು. ಮಗಳ ಕೂಸನ್ನು ಇಷ್ಟು ದಿನ ಹಗಲು ನೋಡಿಕೊಂಡವಳು ಅವಳೇ. ಕೂಸು ಮಲಗಿಸಿದಲ್ಲಿ ಮಲಗುವವರೆಗೆ ಎಲ್ಲ ಸರಿಯಿತ್ತು, ಈಗ ಅದು ಅಂಬೆಗಾಲಿಟ್ಟು ಹೊರಟರೆ ಹಿಂದೆ ಹೋಗಲು ಇವಳ ಕಾಲು ಬರುವುದಿಲ್ಲ. ಮೊನ್ನೆ ಮೆಟ್ಟಿಲ ತುದಿಯವರೆಗೆ ಹೋಗಿ, ಕೆಳಗೆ ಬಗ್ಗಿ ನೋಡಿ, ಅಜ್ಜಿಯ ಕಡೆ ತಿರುಗಿ ನಕ್ಕಿತಂತೆ. ಅವತ್ತಿನಿಂದ ಮಗಳು ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಮಾರುಕಟ್ಟೆಗೇ ಒಯ್ಯುತ್ತಾಳೆ. ಅವಳು ಈರುಳ್ಳಿ ಮಾರುವ ಜಾಗ ಹೆಬ್ಬಾಗಿಲ ಪಕ್ಕದ್ದು. ಹೋಗುವವರೂ ಬರುವವರೂ ಅವಳ ರಾಶಿಯನ್ನು ಬಳಸಿಕೊಂಡೇ ಹೋಗಬೇಕು. ಕೂಸಿನ ಮನೆ ಗುಡ್ಡದ ಮೇಲಾದರೆ ಹಾಲೂಡಿಸಲು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುವುದು, ಜಾಗ ಬಿಟ್ಟುಕೊಡಬೇಕಾಗುತ್ತದೆ ಎಂದು ಅವಳು ಹೇಳಿಯಾಗಿದೆ. ಪಕ್ಕದ ಬೆಳ್ಳುಳ್ಳಿಯಾಕೆ ಅದನ್ನು ಕೇಳಿಸಿಕೊಂಡು ತನ್ನ ಗೋಣಿತಾಟನ್ನು ದಿನಾ ಬೆರಳಷ್ಟು ಇತ್ತ ಸರಿಸುತ್ತಿದ್ದಾಳೆ. ಮಗಳು ಮೊದಮೊದಲು ವಾದ ಮಾಡುತ್ತಿದ್ದಳು. ಅದು ಅವರ ನಿಯಮ ಕಣಮ್ಮ, ನನ್ನ ಕೈಲೇನಿದೆ, ಎನ್ನುತ್ತಿದ್ದ ಅವನು. ಆ ಮಾತು ಕೊಡೆಯಿದ್ದ ಹಾಗೆ, ಬಿಚ್ಚಿ ಹಿಡಿದರೆ ಕೆಳಗೆ ಒಬ್ಬನೇ ಹಾಯಾಗಿ ನಿಲ್ಲಬಹುದಿತ್ತು. ಆಮೇಲೆ ಅವಳು ವಾದ ಬಿಟ್ಟಳು. ಇವತ್ತು ಬೆಳಿಗ್ಗೆ ಬುಟ್ಟಿ ಎತ್ತಿಕೊಂಡು ಹೊರಟಾಗ ಅವನ ಕಡೆ ತಿರುಗಿ ನೋಡಿದ್ದು ಕೂಸು ಮಾತ್ರ. ನೊರೆಯ ಕೆನ್ನೆ ಅದಕ್ಕೆ ಬಹಳ ಹಿಡಿಸಿತು.

“ಸಭೆಯಲ್ಲಿ ಅವಳ ಅಪ್ಪನಾಗಿ ಮಾತಾಡ್ತೀರೋ, ಕಾರ್ಯದರ್ಶಿಯಾಗಿ ಮಾತಾಡ್ತೀರೋ?” ಎಂದಳು ಹೆಂಡತಿ.

“ಎರಡೂ ಒಂದೇ ಅಲ್ವಾ?”

“ಒಂದೇ ಆಗಿದ್ದಿದ್ದರೆ ಇಷ್ಟು ಹೊತ್ತಿಗೆ ಎರಡೂ ಕೆನ್ನೆ ಮುಗಿದಿರ್ತಿತ್ತು.”

ಅವನು ಉಳಿದ ಕೆನ್ನೆಯನ್ನು ಅವಸರದಲ್ಲಿ ಹೆರೆದು ಗಾಯ ಮಾಡಿಕೊಂಡ. ಗಾಯಕ್ಕೆ ಕಾಗದದ ಚೂರು ಅಂಟಿಸಿಕೊಂಡು ಬೀದಿಗಿಳಿದರೆ ಅವನು ಬೇರೆಯೇ ಮನುಷ್ಯ. ಎದುರಿಗೆ ಕಾರ್ಯದರ್ಶಿಯವರು, ಬೆನ್ನ ಹಿಂದೆ ಹವಾಮಾನ. ಹಣ ಕೊಡುವ ದೇಶದಿಂದ ಯಾರೇ ಬರಲಿ, ಅವರ ಮುಖ ನೋಡಿ ನಾಳೆ ಮಳೆಯೋ ಬಿಸಿಲೋ ಹೇಳುವವನು. ಒಬ್ಬ ಉದ್ದನೆಯ ಸಾಹೇಬರಿದ್ದರು, ಮನಸ್ಸಿಗೆ ಬಾರದ್ದನ್ನು ಕಂಡರೂ ಬಹಳ ಚೆನ್ನ ಎನ್ನುತ್ತಿದ್ದರು, ಆದರೆ ಕಿವಿ ಕೆಂಪಾಗುತ್ತಿತ್ತು. ಅವರ ಕಾಲದಲ್ಲಿ ಸಂಘ ನಡೆದದ್ದು ಆ ಕಿವಿಯ ಮೇಲೆಯೇ. ಅವರಾದ ಮೇಲೆ ಬಂದವರು ಉಂಗುರ ತಿರುಗಿಸುತ್ತಿದ್ದರು. ಒಳಮುಖವಾಗಿ ತಿರುಗಿಸಿದರೆ ಒಪ್ಪಿಗೆ, ಹೊರಮುಖವಾದರೆ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕು. ಇನ್ನೊಬ್ಬರು ಕಚೇರಿ ಬಾಗಿಲಲ್ಲಿ ಎರಡು ಸಲ ಸೀನಿದ್ದಕ್ಕೆ ಅವನು ಸಂಜೆಯೊಳಗೆ ಗೋಡೆಗೆಲ್ಲ ಸುಣ್ಣ ಹೊಡೆಸಿದ್ದ. ಹೊಸ ಸುಣ್ಣದ ವಾಸನೆಗೆ ಅವರು ಮರುದಿನ ಇನ್ನಷ್ಟು ಸೀನಿದರು, ಅದು ನೆಗಡಿ ಎಂದು ಆಮೇಲೆ ತಿಳಿಯಿತು. ಅದರಿಂದ ಅವನ ಹೆಸರೇನೂ ಕೆಡಲಿಲ್ಲ. ಹೆಂಗಸರು ಅವನ ಎಡ ಹುಬ್ಬನ್ನು ನೋಡುತ್ತಿದ್ದರು. ಹುಬ್ಬು ಮೇಲೆ ಹೋದರೆ ಇದು ಅವರಿಗೆ ಬೇಕಾಗಿದೆ, ಹಿಡಿದುಕೊಳ್ಳಿ, ಎಂದು ಅರ್ಥ. ಯಾರೂ ಕೂತು ಮಾತಾಡಿ ಮಾಡಿಕೊಂಡ ಏರ್ಪಾಡಲ್ಲ ಅದು, ತಾನಾಗಿ ಬೆಳೆದದ್ದು. ಒಮ್ಮೆ ಟೊಮೆಟೊ ಪೆಟ್ಟಿಗೆಗಳ ಹಿಂದಿನಿಂದ, ಹವಾಮಾನ ಏನನ್ನುತ್ತೆ ಇವತ್ತು, ಎಂದು ಒಬ್ಬಳೂ, ಸ್ವಲ್ಪ ಮೋಡ ಇದೆಯಂತೆ ಕಣೇ, ಎಂದು ಇನ್ನೊಬ್ಬಳೂ ಮಾತಾಡಿಕೊಂಡದ್ದು ಅವನ ಕಿವಿಗೆ ಬಿದ್ದಿತ್ತು. ಕೇಳಿಸಲಿಲ್ಲ ಎಂಬಂತೆ ನಡೆದಿದ್ದ. ಮನೆಗೆ ಹೋಗಿ ಸ್ನಾನಕ್ಕೆ ನೀರು ಹೊಯ್ದುಕೊಳ್ಳುವಾಗ ಒಬ್ಬನೇ ನಕ್ಕಿದ್ದ, ನಕ್ಕಾದ ಮೇಲೆ ಎಲ್ಲೋ ಚುಚ್ಚಿತ್ತು. ಚುಚ್ಚಿದ್ದು ಹೆಸರಲ್ಲ. ಹವಾಮಾನ ಹೇಳುವವನನ್ನು ನಿನಗೆ ಮಳೆ ಬೇಕೋ ಬಿಸಿಲು ಬೇಕೋ ಎಂದು ಯಾರೂ ಕೇಳುವುದಿಲ್ಲ ಎಂಬುದು.

ಮೇಡಂ ಅತಿಥಿಗೃಹದ ಮುಂದೆ ಆಗಲೇ ನಿಂತಿದ್ದರು. ನಮ್ಮ ಮಾತನ್ನು ಪುಸ್ತಕದಿಂದ ಕಲಿತವರು. ಬಾಯಿ ತೆರೆದರೆ ದಿನಪತ್ರಿಕೆ ಓದಿದ ಹಾಗಿರುತ್ತಿತ್ತು. ಅವರ ಮುಖವೋ, ತೊಳೆದು ಬೋರಲು ಹಾಕಿದ ತಟ್ಟೆ. ಅವನು ಮೊದಲು ಗುಡ್ಡದ ಜಾಗ ತೋರಿಸಿದ. ಚೆನ್ನಾಗಿದೆ, ಎಂದರು. ಕೆಳಗಿಳಿದು ಮಾರುಕಟ್ಟೆ ತೋರಿಸಿದ. ಅದೂ ಚೆನ್ನಾಗಿತ್ತು. ತರಕಾರಿ ಸಾಲಿನಲ್ಲಿ ಬೇಕೆಂದೇ ಅವರನ್ನು ಕೊಳೆತ ಎಲೆಗಳ ಗುಡ್ಡೆಯ ಪಕ್ಕ ನಿಲ್ಲಿಸಿ ಮೂಗನ್ನು ಗಮನಿಸಿದ. ಮೂಗು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಮಾರುಕಟ್ಟೆಯು ಬಹಳ ಲವಲವಿಕೆಯಿಂದ ಕೂಡಿದೆ, ಎಂದರು. ಆಮೇಲೆ ಅವನತ್ತ ತಿರುಗಿ, “ತಮ್ಮ ಸ್ವಂತ ಅಭಿಪ್ರಾಯವೇನು?” ಎಂದು ಕೇಳಿದರು. ಅವನು ಯಾವತ್ತಿನಂತೆ, ತಾವು ಹೇಗೆ ಹೇಳ್ತೀರೋ ಹಾಗೆ, ಎಂದ. ಅವರು ಸ್ವಲ್ಪ ಹೊತ್ತು ಅವನನ್ನೇ ನೋಡಿ, ನಾನು ಏನನ್ನೂ ಹೇಳುವುದಿಲ್ಲ, ಎಂದರು. ಬಿಸಿಲು ಚುರುಗುಟ್ಟುತ್ತಿತ್ತು. ಗಾಯದ ಮೇಲಿನ ಕಾಗದ ಬೆವರಿಗೆ ಜಾರಿ ಕಾಲರಿನೊಳಗೆ ಬಿತ್ತು. ಇಂಥ ಮೌನವನ್ನು ತಾನು ಬಲ್ಲೆ ಅಂದುಕೊಂಡ. ಪರೀಕ್ಷೆಯ ಮೇಷ್ಟ್ರು ಉತ್ತರ ತನಗೆ ಗೊತ್ತಿದ್ದೂ ಬಾಯಿ ಬಿಡದೆ ನಿಲ್ಲುತ್ತಾರಲ್ಲ, ಅದು. ಉತ್ತರ ಎಲ್ಲೋ ಇದೆ. ಕಿವಿಯಲ್ಲಿಲ್ಲ, ಉಂಗುರವೇ ಇಲ್ಲ, ಹಾಗಾದರೆ ಎಲ್ಲಿ?

ಮೀನಿನ ಸಾಲು ಮುಗಿಯುವಲ್ಲಿ ಹಳೆಯ ಮಂಜುಗಡ್ಡೆ ಗೋದಾಮಿದೆ. ಈಗ ಮಂಜುಗಡ್ಡೆ ಪೆಟ್ಟಿಗೆಗಳಲ್ಲಿ ನೇರ ಕಾರ್ಖಾನೆಯಿಂದಲೇ ಬರುವುದರಿಂದ ಅದರೊಳಗೆ ಸಂಘದ ಮುರಿದ ಬುಟ್ಟಿ, ತುಕ್ಕು ಹಿಡಿದ ತಕ್ಕಡಿ, ಹರಿದ ಟಾರ್ಪಾಲು ತುಂಬಿದ್ದವು. ಅದರ ಮುಂದೆ ಮೇಡಂ ಥಟ್ಟನೆ ನಿಂತರು. ನಿಂತವರು ನಿಂತೇ ಇದ್ದರು. ಗೋಡೆಯನ್ನು ನೋಡಿದರು, ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ. ಬೆಳಗಿನಿಂದ ಹುಡುಕುತ್ತಿದ್ದ ದಾರದ ತುದಿ ಅವನ ಕೈಗೆ ತಾಗಿದ ಹಾಗಾಯಿತು. ದಾರವೆಂದರೆ ದಾರವೇ ಬಂತು. ನನಗೆ ಸ್ವಲ್ಪ ಹುರಿ ದೊರೆಯಬಹುದೇ, ಎಂದರು ಮೇಡಂ. ಅವನು ಓಡಿಹೋಗಿ ಮಗಳ ಈರುಳ್ಳಿ ಚೀಲದ ಬಾಯಿ ಕಟ್ಟಿದ್ದ ಹುರಿಯನ್ನೇ ಬಿಚ್ಚಿ ತಂದ. ತಾವು ಮುಂದೆ ನಡೆಯಿರಿ, ನಾನು ಬರುತ್ತೇನೆ, ಎಂದರು. ಅಳತೆಗೆ, ಅಂದುಕೊಂಡ ಅವನು, ಮತ್ತೇನಕ್ಕೆ? ಮುಂದೆ ನಡೆಯುತ್ತ ಅವನ ಎಡ ಹುಬ್ಬು ತಾನಾಗಿ ಮೇಲೆ ಹೋಯಿತು. ಅದನ್ನು ಅವನು ಎತ್ತಲಿಲ್ಲ, ಇಷ್ಟು ವರ್ಷಗಳ ಅಭ್ಯಾಸ ಎತ್ತಿತು. ಮೀನು ಹೆಚ್ಚುತ್ತಿದ್ದ ಮೀನಕ್ಕನ ಕತ್ತಿ ಗಾಳಿಯಲ್ಲೇ ನಿಂತಿತು. ಸಂಘದಲ್ಲಿ ದೊಡ್ಡ ಗಂಟಲು ಅವಳದು, ಆದರೆ ಆ ಹೊತ್ತಿನಲ್ಲಿ ಅವಳು ಗಂಟಲು ಬಳಸಲಿಲ್ಲ, ಪಕ್ಕದವಳ ಕಡೆ ಗದ್ದ ಒಂದಿಷ್ಟು ಎತ್ತಿದಳು. ಅವಳು ಅದರಾಚೆಯವಳ ಕಡೆ. ಅವನು ಹೆಬ್ಬಾಗಿಲು ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಅಲ್ಲಿ ಬಂದು ಕೂತಿತ್ತು.

ಸಭೆ ನಡೆಯುವುದು ತೂಕದ ಮನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಕೆಳಗಿನಿಂದ ತಕ್ಕಡಿಯ ಬಟ್ಟಲು ಕಬ್ಬಿಣಕ್ಕೆ ಬಡಿಯುವ ಸದ್ದು ಕಾಲಿಗೂ ತಾಗುತ್ತದೆ. ಹೆಂಗಸರೆಲ್ಲ ಒದ್ದೆ ಕೈ, ಒದ್ದೆ ಮುಂಗೈಯಲ್ಲಿ ಬಂದಿದ್ದರು. ಅವರ ಮುಖದಲ್ಲಿದ್ದ ಗೆಲುವು ಅವನಿಗೆ ಅರ್ಥವಾಗಲಿಲ್ಲ. ಮಗಳು ಕಿಟಕಿಯ ಬಳಿ ಗೋಡೆಗೆ ಒರಗಿ ಕೂಸಿಗೆ ಹಾಲೂಡಿಸುತ್ತಿದ್ದಳು. ತೂಕದಜ್ಜ, ಸಂಘದಲ್ಲಿ ಅವನನ್ನು ಬಿಟ್ಟರೆ ಇದ್ದ ಒಬ್ಬನೇ ಗಂಡಸು, ಬೆಂಚಿನ ತುದಿಯಲ್ಲಿ ಕಾಲು ಮಡಚಿ ಕೂತಿದ್ದ. ಎಲ್ಲರೂ ಕೂತ ಮೇಲೆ ಮೀನಕ್ಕ ಎದ್ದು, ಯಾರೂ ಕೇಳುವ ಮೊದಲೇ ಶುರುಮಾಡಿದಳು.

“ಮೇಡಂ, ನಿಮಗೆ ಹಿಡಿಸಿದ ಜಾಗ ಖಾಲಿ ಮಾಡಿ, ತೊಳೆದು, ಒರೆಸಿಯೂ ಆಯ್ತು. ಇನ್ನು ಗುಡ್ಡದ ಗೊಡವೆ ಬೇಡ.”

ಯಾವ ಜಾಗ, ಎಂದರು ಮೇಡಂ. ಐಸ್ ಗೋದಾಮು, ಎಂದು ಐದಾರು ದನಿ ಒಟ್ಟಿಗೆ ಹೇಳಿದವು. ಅಷ್ಟು ಹೊತ್ತು ನಿಂತು ನೋಡಿದಿರಿ, ಅಳತೆಗೆ ಹುರಿ ಬೇರೆ ತರಿಸಿಕೊಂಡಿರಿ, ಎಂದಳು ಬೆಳ್ಳುಳ್ಳಿಯಾಕೆ. ತೊಳೆದು ಬೋರಲು ಹಾಕಿದ ತಟ್ಟೆ ಆಗ ಮೊದಲ ಸಲ ಮಗುಚಿತು. ಮೇಡಂ ಕಿವಿಯವರೆಗೂ ಕೆಂಪಾದರು. ಬಲಗಾಲನ್ನು ಮುಂದೆ ಚಾಚಿ ತೋರಿಸಿದರು. ಬೂಟಿನ ಅಟ್ಟೆ ಕಿತ್ತು ಬಾಯಿ ಬಿಟ್ಟಿತ್ತು. ಈರುಳ್ಳಿ ಚೀಲದ ಹುರಿಯನ್ನು ಅದರ ಸುತ್ತ ಸುತ್ತಿ ಗಂಟು ಹಾಕಿದ್ದರು. “ನನಗೆ ನಾಚಿಕೆಯಾಯಿತು,” ಎಂದರು. “ಆದ್ದರಿಂದ ಗೋಡೆಯನ್ನು ನೋಡುತ್ತ ನಿಂತೆ.” ಮೊದಲು ನಕ್ಕವನು ತೂಕದಜ್ಜ, ಹಲ್ಲಿಲ್ಲದ ಬಾಯಲ್ಲಿ ಗಾಳಿ ಬಿಟ್ಟ ಹಾಗೆ. ಆಮೇಲೆ ಕೋಣೆಯೇ ನಕ್ಕಿತು, ಕೂಸು ಹಾಲು ಬಿಟ್ಟು ತಿರುಗಿ ನೋಡಿತು, ಮೇಡಂ ಕಣ್ಣೊರೆಸಿಕೊಂಡು ನಕ್ಕರು. ನಗದವನು ಅವನೊಬ್ಬನೇ. ನಗುವಿನ ಮಧ್ಯೆ ಒಬ್ಬೊಬ್ಬರ ಕಣ್ಣೂ ಬಂದು ಅವನ ಎಡ ಹುಬ್ಬಿನ ಮೇಲೆ ಕೂತು ಹೋಗುತ್ತಿದ್ದವು. ಆ ಹುಬ್ಬನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವಂತಿದ್ದರೆ ಹಾಕಿಕೊಳ್ಳುತ್ತಿದ್ದ. ಒಂದು ಬೂಟಿನ ಅಟ್ಟೆಯ ಮಾತಿಗೆ ಇಷ್ಟು ಜನ ಬೆಳಗಿನ ವ್ಯಾಪಾರ ಬಿಟ್ಟು ಗೋದಾಮು ತೊಳೆದಿದ್ದರು.

ನಗು ಇಳಿದ ಮೇಲೆ ಮೇಡಂ, ನೀವೆಲ್ಲರೂ ನನ್ನ ಮುಖವನ್ನು ಓದುತ್ತಿದ್ದೀರಿ, ಮುಖವನ್ನು ಊರಿನಲ್ಲೇ ಬಿಟ್ಟು ಬರಲು ನನಗೆ ಸಾಧ್ಯವಾಗಲಿಲ್ಲ, ಎಂದು ಹೇಳಿ, ಎದ್ದು, ಕುರ್ಚಿಯನ್ನು ಗರ್ರನೆ ಎಳೆದು ಗೋಡೆಗೆ ಮುಖ ಮಾಡಿ ಹಾಕಿಕೊಂಡು, ಎಲ್ಲರಿಗೂ ಬೆನ್ನು ಕೊಟ್ಟು ಕೂತುಬಿಟ್ಟರು. ಕೋಣೆಗೆ ದಿಕ್ಕೇ ತಪ್ಪಿದ ಹಾಗಾಯಿತು. ಹೆಂಗಸರು ಮೊದಲು ಬೆನ್ನನ್ನೂ ಓದಲು ನೋಡಿದರು. ಭುಜ ಸ್ವಲ್ಪ ಮೇಲೆ ಹೋಯ್ತಲ್ವಾ, ಎಂದು ಬೆಳ್ಳುಳ್ಳಿಯಾಕೆ ಪಿಸುಗುಟ್ಟಿದಳು. ಅದು ಉಸಿರು ಕಣೇ, ಎಂದಳು ಮೀನಕ್ಕ. ಬೆನ್ನು ಬರೀ ಬೆನ್ನಾಗಿತ್ತು. ಆಗ ಒಂದೊಂದಾಗಿ ಎಲ್ಲ ಮುಖಗಳೂ ಅವನ ಕಡೆ ತಿರುಗಿದವು. ಅಷ್ಟು ಮುಖ ಒಟ್ಟಿಗೆ ತನ್ನನ್ನು ನೋಡಿದ್ದನ್ನು ಅವನು ಕಂಡಿರಲಿಲ್ಲ. ಇಷ್ಟು ದಿನ ಅವರು ನೋಡುತ್ತಿದ್ದದ್ದು ಅವನ ಮೂಲಕ ಆಚೆಗೆ.

ಮಗಳ ಹೆಸರಿನಲ್ಲಿ ಮಾರುಕಟ್ಟೆ ಎಂದುಬಿಡುವುದು ಸುಲಭವಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಅದನ್ನು ನುಂಗಿ ಕೆಳಗೆ ಏನಿದೆ ಎಂದು ನೋಡಿಕೊಂಡರೆ ಅವನಿಗೇ ಹೆದರಿಕೆಯಾಯಿತು. ಕೆಳಗೆ ಒಂದು ಬುಟ್ಟಿಯಿತ್ತು. ಬುಟ್ಟಿಯಲ್ಲಿ ಅವನಿದ್ದ. ಅವನ ಅಮ್ಮ ಸೊಪ್ಪು ಮಾರುತ್ತಿದ್ದ ಕಟ್ಟೆಯ ಕೆಳಗೆ, ಅಮ್ಮನ ಸೊಂಟದಿಂದ ಬಂದ ಹಗ್ಗ ಅವನ ಕಾಲಿಗೆ ಕಟ್ಟಿ. ತಲೆಯ ಮೇಲೆ ಹಗಲೆಲ್ಲ ಚೌಕಾಸಿ, ಬೈಗುಳ, ಹಲಗೆಗೆ ಚಿಲ್ಲರೆ ಬಡಿಯುವ ಸದ್ದು, ಪಕ್ಕದಲ್ಲಿ ಓಡಾಡುವ ಕಾಲು, ಕಾಲು, ಬರೀ ಕಾಲು. ಗೋಣಿಯ ಮರೆಯಲ್ಲಿ ಒಂದು ತೂತಿತ್ತು. ಅದಕ್ಕೆ ಕಣ್ಣಿಟ್ಟರೆ ಗುಡ್ಡ ಕಾಣುತ್ತಿತ್ತು, ಅದರ ಮೇಲೆ ಯಾರೂ ಇರುತ್ತಿರಲಿಲ್ಲ. ಹಗ್ಗ ಬಿಚ್ಚಿದ ಮೇಲೆ, ಸ್ವಲ್ಪ ದೊಡ್ಡವನಾದ ಮೇಲೆ, ಒಂದು ದಿನ ಒಬ್ಬನೇ ಹತ್ತಿಹೋದ. ಹುಲ್ಲಿನ ಮೇಲೆ ಅಂಗಾತ ಮಲಗಿದ. ಮೂಗಿನಲ್ಲಿ ಏನೋ ಸದ್ದಾಗುತ್ತಿದೆ ಎಂದು ಗಾಬರಿಯಾಗಿ ಎದ್ದು ಕೂತರೆ ಅದು ಅವನದೇ ಉಸಿರು. ಅದಕ್ಕೆ ಸದ್ದಿದೆ ಎಂದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ನಿಯಮಪುಸ್ತಕದಲ್ಲಿ ಗದ್ದಲದಿಂದ ದೂರ ಎಂಬ ಸಾಲನ್ನು ಮೊದಲ ಸಲ ಓದಿದಾಗ ಎದೆಯಲ್ಲಿ ಏನೋ ತಣ್ಣಗಾದದ್ದು ಈಗ ನೆನಪಾಯಿತು. ಅವರ ನಿಯಮ, ಅವರ ನಿಯಮ ಎಂದು ಇಷ್ಟು ದಿನ ಮಗಳ ಮುಂದೆ ಹಿಡಿದ ಕೊಡೆ ಅವನದೇ ಆಗಿತ್ತು, ಹಿಡಿ ಮಾತ್ರ ಅವರ ಕೈಯಲ್ಲಿದೆ ಎಂದು ತೋರಿಸಿಕೊಂಡಿದ್ದ.

“ಗುಡ್ಡ,” ಎಂದ ಅವನು. ಕೆಮ್ಮಿ ಮತ್ತೆ ಹೇಳಿದ, ಗುಡ್ಡದ ಮೇಲೇ ಆಗಬೇಕು.

ಯಾರೂ ನಂಬಲಿಲ್ಲ. ಅದೇ ಅವನು ಎದುರು ನೋಡಿರದ ಅವಮಾನ. ಒಬ್ಬಳು ಮೇಡಂ ಬೆನ್ನಿನ ಕಡೆ ನೋಡಿದಳು. ಇನ್ನೊಬ್ಬಳು, ಹಾಗಾದರೆ ಮೇಲಿನಿಂದ ಅದೇ ಬಂದಿದೆ, ನಾಟಕ ಯಾಕೆ, ಎಂದು ಗೊಣಗಿದಳು. ಮೀನಕ್ಕ ಸೊಂಟಕ್ಕೆ ಕೈಕೊಟ್ಟು, ಇಷ್ಟು ದಿನ ಬೆನ್ನ ಹಿಂದೆ ಇದ್ದದ್ದನ್ನು ಎದುರಿಗೇ ತಂದಳು. “ಹವಾಮಾನಣ್ಣ, ಇದು ಯಾರ ಮುಖದಲ್ಲಿ ಕಂಡಿದ್ದು? ಮೇಡಂ ಮುಖ ಗೋಡೆಗಿದೆ.”

ಅವನಿಗೆ ಕೋಪ ಬಂತು. ಸಭೆಯಲ್ಲಿ ಕೋಪ ಮಾಡಿಕೊಂಡು ಎಷ್ಟು ಕಾಲವಾಗಿತ್ತೋ, ಅದನ್ನು ಎಲ್ಲಿಡಬೇಕು ಎಂದು ತಿಳಿಯದೆ ಎದ್ದು ನಿಂತ. ಬುಟ್ಟಿಯ ವಿಷಯ ಹೇಳಿದ, ಹಗ್ಗದ ವಿಷಯ ಹೇಳಿದ, ಗೋಣಿಯ ತೂತು ಹೇಳಿದ. ಉಸಿರಿನ ಸದ್ದಿನ ಮಾತು ಬಂದಾಗ ನಾಲಿಗೆ ತೊಡರಿತು, ಆದರೂ ಹೇಳಿದ. ಕೂಸುಗಳಿಗೆ ಅದು ಸಿಗಬೇಕು, ಇಷ್ಟೇ ನನಗೆ ಬೇಕಾಗಿರೋದು, ಎಂದ. ಬೇಕಾಗಿರೋದು ಎಂಬ ಮಾತು ಬಾಯಲ್ಲಿ ಹೊಸ ಹಲ್ಲಿನ ಹಾಗೆ ತಾಗಿತು. ಮಗಳು ಕೂಸನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತ ಅವನನ್ನೇ ನೋಡುತ್ತಿದ್ದಳು. ಸಭೆಯಲ್ಲಿ ಅವಳು ಅವನನ್ನು ಯಾವತ್ತೂ ಕಾರ್ಯದರ್ಶಿಯವರೇ, ನೀವು, ಎಂದೇ ಕರೆಯುತ್ತಿದ್ದಳು.

“ಅಪ್ಪ, ಇದು ನಿಜವಾಗಲೂ ನಿನ್ನದೇ ಮಾತಾ?” ಎಂದಳು.

“ನನ್ನದೇ.”

“ಅವರದ್ದಲ್ಲ?”

“ನನ್ನದೇ ಕಣೇ. ಇನ್ನು ಹೇಗೆ ಹೇಳಲಿ?”

“ಹಾಗಾದರೆ ನಾನು ಬೇಡ ಅಂತೀನಿ.” ಕೂಸು ಅವಳ ಭುಜದ ಮೇಲೆ ಸಣ್ಣಗೆ ತೇಗಿತು. “ಇಷ್ಟು ದಿನ ನೀನು ಅವರದು ಅಂತಿದ್ದೆ. ಅಷ್ಟು ದೂರದಲ್ಲಿರೋರಿಗೆ ಎಲ್ಲಿ ಹೋಗಿ ಬೇಡ ಅನ್ನಲಿ? ನಿನ್ನದಾದರೆ ಇಲ್ಲೇ ಕೂತು ಅನ್ನಬಹುದು. ಬುಟ್ಟಿಯಿಂದ ನಿನಗೆ ಗುಡ್ಡ ಕಾಣ್ತಿತ್ತು, ಸರಿ. ನಿನ್ನಮ್ಮನಿಗೆ ಬಗ್ಗಿದರೆ ನೀನು ಕಾಣ್ತಿದ್ದೆ. ಅವಳನ್ನ ಯಾರು ಕೇಳಿದ್ರು?”

ಹಗ್ಗದ ಈ ತುದಿ ಮಾತ್ರ ಅವನಿಗೆ ನೆನಪಿತ್ತು. ಅದರ ಆ ತುದಿಯಲ್ಲಿ ಹಗಲೆಲ್ಲ ನಡುನಡುವೆ ಬಗ್ಗಿ ನೋಡುತ್ತಿದ್ದ ಮುಖವೊಂದಿತ್ತು ಎಂಬುದು ಈ ಮಹಡಿಯ ಕೋಣೆಯಲ್ಲಿ, ಒದ್ದೆ ಕೈಗಳ ನಡುವೆ, ಈಗ ಬಂದು ನಿಂತಿತು. ಆದರೂ ಗುಡ್ಡ ಅಲುಗಲಿಲ್ಲ. ಎರಡೂ ಒಟ್ಟಿಗೇ ಇದ್ದವು, ಅದೇ ಅವನಿಗೆ ಆಶ್ಚರ್ಯ.

ಮಗಳು ಬೇಡ ಅಂದದ್ದೇ ತಡ, ಕೋಣೆಯ ಗಂಟಲು ಬಿಚ್ಚಿತು. ಗುಡ್ಡ ಬೇಡ ಸರಿ, ಮತ್ತೆಲ್ಲಿ ಎಂದರೆ ತಲೆಗೊಂದು ಮಾತು. ತರಕಾರಿಯವರು ತಮ್ಮ ಸಾಲಿನ ಹಿಂದೆ ಅಂದರು, ಮೀನಿನವರು ಅಲ್ಲಿ ಇಲಿ ಇದೆ ಅಂದರು, ಇಲಿಗಳು ಬರುವುದೇ ಮೀನಿನ ವಾಸನೆಗೆ ಎಂದು ತರಕಾರಿಯವರು. ಈ ಮಹಡಿಯೇ ಆಗಬಹುದು ಎಂದ ಒಬ್ಬಳನ್ನು ಕಡಿದಾದ ಮೆಟ್ಟಿಲು ತೋರಿಸಿ ಕೂರಿಸಿದರು. ಕೊನೆಗೆ ತೂಕದಜ್ಜ, ಹೇಗೂ ತೊಳೆದಿದ್ದೀರಲ್ಲ, ಆ ಗೋದಾಮನ್ನೇ ಯಾರ ಮುಖವನ್ನೂ ನೋಡದೆ ಒಂದು ಸಲ ಸರಿಯಾಗಿ ನೋಡಿ, ಎಂದ. ಮಂಜುಗಡ್ಡೆ ಕರಗಬಾರದು ಎಂದು ಕಟ್ಟಿದ ಗೋಡೆ, ಮೊಳದಷ್ಟು ದಪ್ಪ. ಒಳ್ಳೆ ಬಿಸಿಲಲ್ಲೂ ಒಳಗೆ ತಂಪು. ಎಲ್ಲರೂ ಇಳಿದು ಹೋದರು. ಮೇಡಂ ಕೂಡ ಕುರ್ಚಿ ಬಿಟ್ಟು, ಹುರಿ ಕಟ್ಟಿದ ಬೂಟಿನಲ್ಲಿ ಕುಂಟುತ್ತ ಹಿಂದಿನಿಂದ ಬಂದರು. ಒಳಗೆ ಒದ್ದೆ ಕಲ್ಲಿನ ವಾಸನೆ. ಬಾಗಿಲು ಮುಂದೆ ಮಾಡಿದಾಗ ಮಾರುಕಟ್ಟೆಯ ಸದ್ದು ದೂರದ ಕೋಣೆಗೆ ಹೋಗಿ ಕೂತ ಹಾಗಾಯಿತು. ಅವನಿಗೆ ಉಸಿರು ಕೇಳಿಸಿತು, ತನ್ನದು, ಪಕ್ಕದವರದು, ಕೂಸಿನದು. ಗುಡ್ಡಕ್ಕೆ ದ್ರೋಹ ಮಾಡಿದ ಹಾಗನ್ನಿಸಿ ತಕ್ಷಣ, ಆಕಾಶವೇ ಇಲ್ಲ ಇಲ್ಲಿ, ಎಂದ. ಸೂರಿನಲ್ಲಿ ಗಾಜು ಕೂರಿಸೋಣ, ಎಂದಳು ಮೀನಕ್ಕ. ಗಾಜಿನಲ್ಲಿ ಕಾಣುವುದು ಆಕಾಶದ ತುಂಡು, ಆಕಾಶವಲ್ಲ, ಎಂದ ಅವನು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹವಾಮಾನ ಹೀಗೂ ಹಟ ಮಾಡುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಆಗ ಮೇಡಂ ಬಾಯಿ ಬಿಟ್ಟರು. ಇಷ್ಟು ಹೊತ್ತು ಗೋಡೆಯನ್ನು ನಿಜವಾಗಿಯೂ ನೋಡುತ್ತಿದ್ದವರು ತಿರುಗಿ, ಇಲ್ಲಿ ಇರುವುದು ಒಂದೇ ಬಾಗಿಲು, ಎಂದರು. “ಬೆಂಕಿ ಬಿದ್ದರೆ ಮಕ್ಕಳು ಎಲ್ಲಿಂದ ಹೊರಗೆ ಹೋಗುವರು? ಎರಡನೆಯ ಬಾಗಿಲು ಬೇಕೇ ಬೇಕು. ಈ ಒಂದು ಮಾತನ್ನು ನಾನು ಬಿಡಲಾರೆ. ಹಣ ಕೊಟ್ಟವರಿಗೆ ನಾನು ಉತ್ತರ ಹೇಳಬೇಕು, ನನಗೆ ನಾನೂ ಹೇಳಿಕೊಳ್ಳಬೇಕು.”

“ಬಿಡಬೇಡಿ, ಯಾರು ಬಿಡಿ ಅಂದ್ರು?” ಎಂದಳು ಮೀನಕ್ಕ. “ಆದರೆ ಎರಡನೇ ಬಾಗಿಲು ಯಾವ ಕಡೆಗೆ ಅನ್ನೋದನ್ನ ನಾವು ಹೇಳ್ತೀವಿ. ಹಿಂದಿನ ಗೋಡೆ ಕಡೆ ಲಾರಿ ಬರುತ್ತೆ. ಕೂಸು ಹೊರಟರೆ ನೇರ ಚಕ್ರಕ್ಕೆ.”

ಲಾರಿಯ ಕಡೆಗೇ ಗೋಡೆ ತೆಳ್ಳಗಿದೆ, ಖರ್ಚು ಕಡಿಮೆ, ಎಂದರು ಮೇಡಂ. ಖರ್ಚು ಉಳಿಯುತ್ತೆ, ಕೂಸು ಉಳಿಯಲ್ಲ, ಎಂದಳು ಬೆಳ್ಳುಳ್ಳಿಯಾಕೆ. ಮೇಡಂ ಪುಸ್ತಕದ ಭಾಷೆಯಲ್ಲಿ ಜಗಳವಾಡಲು ನೋಡಿದರು, ಅದು ಜಗಳಕ್ಕೆ ಒಗ್ಗದೆ ಎರಡು ಸಲ ನಡುವೆ ನಿಂತುಹೋಯಿತು. ಅವರಿಗೆ ನಿಜವಾಗಿ ರೇಗಿದಾಗ ಹಣೆಯ ನಡುವೆ ಒಂದು ಗೆರೆ ಏಳುತ್ತದೆ ಎಂದು ಅವನು ಕಂಡ. ಕಂಡದ್ದನ್ನು ಯಾರಿಗೂ ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಕಾಣುತ್ತಿತ್ತು, ಕಂಡರೂ ಯಾರೂ ಸುಮ್ಮನಾಗಲಿಲ್ಲ. ಕೊನೆಗೆ ಬಾಗಿಲು ಮೀನಿನ ಸಾಲಿನ ಕಡೆಗೆ, ಚಿಲಕ ದೊಡ್ಡವರ ಕೈಗೆ ಮಾತ್ರ ಎಟಕುವಷ್ಟು ಎತ್ತರಕ್ಕೆ, ಎಂದಾಯಿತು. ಮೇಡಂ ತಲೆಯಾಡಿಸಿ, ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಇದು ಸರಿ, ಎಂದರು.

ಕೈ ಎತ್ತಿದ್ದು ಅಲ್ಲೇ, ಗೋದಾಮಿನೊಳಗೇ. ಗೋದಾಮಿಗೆ ಎಂದಾಗ ಎದ್ದ ಕೈಗಳಲ್ಲಿ ಮಗಳದೂ ಇತ್ತು. ಅವಳು ಕೂಸಿನ ಕೈಯನ್ನೂ ಹಿಡಿದು ಎತ್ತಿದಳು, ಅದು ಅನ್ಯಾಯ ಎಂದು ಅವನು ಆಕ್ಷೇಪಿಸಿದ. ಗುಡ್ಡಕ್ಕೆ ಎಂದಾಗ ಎದ್ದದ್ದು ಒಂದೇ ಕೈ. ಸಾಮಾನ್ಯವಾಗಿ ಎಲ್ಲರೂ ಎತ್ತಿದರೋ ಎಂದು ನೋಡಿ ಕೊನೆಗೆ ಎತ್ತುತ್ತಿದ್ದ ಕೈ ಅದು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಅದನ್ನು ಮೇಲೆ ಹಿಡಿದು ನಿಂತ. ಕಂಕುಳಲ್ಲಿ ಗಾಳಿಯಾಡಿತು. ಮಗಳು ಹತ್ತಿರ ಬಂದು ಆ ಕೈ ಇಳಿಸಿ, ಅದರಲ್ಲಿ ಕೂಸನ್ನು ಕೂರಿಸಿದಳು. ಸೋತವರು ಕೂಸು ಎತ್ಕೋಬೇಕು, ನನಗೆ ವ್ಯಾಪಾರ ಇದೆ, ಎಂದಳು. ಅವಳು ಅವನೊಡನೆ ಇಷ್ಟು ಮಾತಾಡಿ ತಿಂಗಳುಗಳೇ ಆಗಿದ್ದವು. ಕೂಸು ಅವನ ಗಾಯದ ಮೇಲೆ ಬೆರಳಿಟ್ಟು ಒತ್ತಿತು. ಅವನು ಅದನ್ನು ಎತ್ತಿಕೊಂಡು ಗೋದಾಮಿನಲ್ಲಿ ಒಂದು ಸುತ್ತು ಹಾಕುತ್ತ, ಇಲ್ಲಿ ತೇವ, ಇಲ್ಲಿ ಕತ್ತಲೆ, ನಿನ್ನಮ್ಮ ನನ್ನ ಮಾತು ಕೇಳಲಿಲ್ಲ ನೋಡು, ಎಂದು ಎಲ್ಲರಿಗೂ ಕೇಳುವಂತೆ ಅದಕ್ಕೆ ದೂರು ಹೇಳಿದ. ಬಿಸಿಲುಗಾಲ ಬರಲಿ ಆಗ ಹೇಳಿ, ಎಂದಳು ಒಬ್ಬಳು. ಮಳೆಗಾಲ ಬರಲಿ ಆಗ ನೀವು ಹೇಳಿ, ಎಂದ. ಮಾತು ತಡವರಿಸದೆ ಬರುತ್ತಿತ್ತು.

ಸಂಜೆಯಾಗುತ್ತಿದ್ದಂತೆ ಕೂಸನ್ನು ಮಗಳಿಗೆ ಒಪ್ಪಿಸಿ ಮನೆಗೆ ಹೊರಟ. ಸೋತದ್ದನ್ನು ಹೆಂಡತಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದವನಿಗೆ ಹೇಳಲು ಅವಸರವಾಗುತ್ತಿದೆ ಎಂದು ಹೊಳೆದು ನಗು ಬಂತು. ಗುಡ್ಡ ಎಲ್ಲಿಗೂ ಹೋಗುವುದಿಲ್ಲ. ನಡೆಯಲು ಕಲಿತ ಮಕ್ಕಳಿಗಾದರೂ ಅದು ಬೇಕು, ಬರುವ ಸಭೆಯಲ್ಲಿ ಎತ್ತಬೇಕು, ಅದರ ಮುಂದಿನ ಸಭೆಯಲ್ಲೂ ಎತ್ತಬೇಕು, ಇನ್ನು ಇವನ ಕಾಟ ತಡೆಯೋಕಾಗಲ್ಲ ಅನ್ನುವವರೆಗೆ ಎತ್ತಬೇಕು. ಬೀದಿಯ ತಿರುವಿನಲ್ಲಿದ್ದಾಗ ಹಿಂದಿನಿಂದ ಮೀನಕ್ಕನ ಗಂಟಲು ಇಡೀ ಸಾಲನ್ನು ದಾಟಿಕೊಂಡು ಬಂತು.

“ಹವಾಮಾನಣ್ಣ, ಗುಡ್ಡದ ಮೇಲೆ ಗಾಳಿ ಜೋರು. ನಿಮ್ಮ ಕೂಸುಗಳು ಹಾರಿಹೋದರೆ ಹಿಡಿಯೋರು ಯಾರು?”

ಮಾರುಕಟ್ಟೆ ನಕ್ಕಿತು. ಅವನು ನಿಂತ. ಆ ನಗು ಯಾವ ತರಹದ್ದು, ಯಾರ ಮುಖದಲ್ಲಿ ಏನಿದೆ, ಅದೊಂದೂ ಅವನಿಗೆ ಬೇಕಾಗಿರಲಿಲ್ಲ. ಮೀನಕ್ಕನ ಮಾತಿಗೆ ಒಂದು ಉತ್ತರವಿತ್ತು, ಒಳ್ಳೆಯ ಉತ್ತರ, ಅವನದೇ. ಮನೆಯಲ್ಲಿ ಊಟ ಆರುತ್ತಿರಬಹುದು. ಆರಲಿ ಎಂದುಕೊಂಡು ಅಂಗಿಯ ತೋಳು ಮಡಚುತ್ತ ಮಾರುಕಟ್ಟೆಯ ಕಡೆಗೆ ತಿರುಗಿ ನಡೆದ.